ಮೂಗಿನ ಪಕ್ಕದ ಹಕ್ಕಳೆ

ಆ ಬೀದಿಯವರು ಅವಳನ್ನು ಮುಲಾಮಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯ ಕಿಟಕಿಯೇ ಅವಳ ಅಂಗಡಿ. ಒಳಗೊಂದು ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಗಾಜಿನ ಡಬ್ಬಿಗಳು, ಮೂಲೆಯಲ್ಲಿ ಒಲೆ. ಒಲೆಯ ಮೇಲಿನ ಬಿಸಿನೀರಿನಲ್ಲಿ ಇನ್ನೊಂದು ಸಣ್ಣ ಪಾತ್ರೆ ಇಟ್ಟು, ಅದರಲ್ಲಿ ಎಳ್ಳೆಣ್ಣೆಯನ್ನೂ ಜೇನುಮೇಣವನ್ನೂ ನಿಧಾನವಾಗಿ ಕರಗಿಸುತ್ತಿದ್ದಳು. ಆರುತ್ತ ಬಂದಾಗ ಲೋಳೆಸರದ ತಿಳಿ ಸೇರಿಸಿ, ಗಟ್ಟಿಯಾಗುವವರೆಗೂ ಒಂದೇ ಸಮನೆ ಕದಡುತ್ತಿದ್ದಳು. ಕದಡುವಾಗ ಹರಟೆ ಹೊಡೆಯಬಾರದು, ಬಾಯಲ್ಲಿ ದೇವರ ಹೆಸರು ಮಾತ್ರ ಇರಬೇಕು ಎಂದು ಅತ್ತೆ ಕಲಿಸಿದ್ದರು.

ಅತ್ತೆಯ ಕಣ್ಣಿಗೆ ಮಂಜು ಕವಿದ ಮೇಲೆ ಕೆಲಸವೆಲ್ಲ ಸೊಸೆಯದಾಗಿತ್ತು. ಆದರೂ ಮುದುಕಿ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟಿರಲಿಲ್ಲ. ಬಂದವರಿಗೆ, "ನನ್ನ ಮುಖ ನೋಡಿಯೇ ತಗೊಳ್ಳಿ. ಹುಟ್ಟಿದಾಗಿನಿಂದ ಹಚ್ಚಿದ್ದೀನಿ, ಸುಕ್ಕು ಒಂದೂ ಕಡಿಮೆ ಆಗಿಲ್ಲ" ಎನ್ನುತ್ತಿದ್ದರು. ಜನ ನಗುತ್ತಿದ್ದರು, ಆಮೇಲೆ ಡಬ್ಬಿ ತೆಗೆದುಕೊಳ್ಳುತ್ತಿದ್ದರು. ಬರುವವರಲ್ಲಿ ಹೆಚ್ಚಿನವರು ಬಿಳಿಯಾಗಲು, ಚಿಕ್ಕವರಾಗಿ ಕಾಣಲು ಏನೇನೋ ಕ್ರೀಮು ಹಚ್ಚಿ ಮುಖ ಸುಟ್ಟುಕೊಂಡವರು. ಮುಲಾಮಕ್ಕ ಅವರಿಗೆ ಸುಳ್ಳು ಹೇಳುತ್ತಿರಲಿಲ್ಲ. "ಉರಿ ಹೋಗುತ್ತೆ, ಒಡೆದಿದ್ದು ಕೂಡುತ್ತೆ. ವಯಸ್ಸು ಹೋಗಲ್ಲಮ್ಮ. ಕೊಟ್ಟ ದೇವರಿಗೇ ಈ ಮುಖ ಹಳೇದಾದ್ರೆ ಬೇಜಾರಿಲ್ಲ, ನಮಗ್ಯಾಕೆ?" ಎನ್ನುತ್ತಿದ್ದಳು. ಮಾತು ಬಾಯಿಪಾಠವಾಗಿರಲಿಲ್ಲ. ಐವತ್ತು ದಾಟಿದ ತನ್ನ ಮುಖದ ಮೇಲೆ ಅವಳಿಗೆ ನಿಜವಾಗಿಯೂ ಯಾವ ತಕರಾರೂ ಇರಲಿಲ್ಲ.

ಹೀಗಿರುವಾಗ ಅವಳ ಮೂಗಿನ ಎಡಪಕ್ಕದಲ್ಲಿ ಒಂದು ಸಣ್ಣ ಗುಳ್ಳೆ ಎದ್ದಿತು. ಮುತ್ತಿನಂತೆ ಹೊಳೆಯುತ್ತಿತ್ತು, ನೋಯುತ್ತಿರಲಿಲ್ಲ. ವಯಸ್ಸಿನ ಗುರುತು ಅಂದುಕೊಂಡು ಮುಲಾಮು ಹಚ್ಚಿದಳು. ಕೆಲವು ವಾರಗಳ ಮೇಲೆ ಮುಖ ಒರೆಸಿಕೊಂಡಾಗ ಟವೆಲ್ಲಿನಲ್ಲಿ ರಕ್ತದ ಕಲೆ ಕಂಡಿತು. ಹಕ್ಕಳೆ ಕಟ್ಟಿತು, ಉದುರಿತು. ವಾಸಿಯಾಯಿತಲ್ಲ ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಮತ್ತೆ ಒಸರಿತು. ಮತ್ತೆ ಹಕ್ಕಳೆ.

ಮೂರನೆಯ ಸಲ ಹಕ್ಕಳೆ ಉದುರಿದಾಗ ಅವಳ ಎದೆ ಝಲ್ಲೆಂದಿತು. ತನ್ನ ಕೈಯ ಮುಲಾಮಿಗೆ ಕೂಡದ ಗಾಯವನ್ನು ಅವಳು ನೋಡಿದ್ದು ಕಡಿಮೆ. ಏನಿರಬಹುದು ಎಂಬ ಯೋಚನೆ ಬಂದಾಗಲೆಲ್ಲ ಎದ್ದುಹೋಗಿ ಬೇರೇನೋ ಕೆಲಸ ಹಿಡಿಯುತ್ತಿದ್ದಳು. ಬಚ್ಚಲಿನ ಕನ್ನಡಿಯ ಮೇಲೆ ಟವೆಲ್ಲು ನೇತುಹಾಕುವ ಅಭ್ಯಾಸವಾಯಿತು. ಪ್ರಾರ್ಥನೆ ಉದ್ದವಾಯಿತು. ಮೊದಲೆಲ್ಲ ಪಾತ್ರೆಯ ಮುಂದೆ ನಿಂತಾಗ ಯಾರದೋ ಒಡೆದ ಹಿಮ್ಮಡಿ, ಯಾರದೋ ಮಗುವಿನ ತುರಿಕೆ ಮನಸ್ಸಿಗೆ ಬರುತ್ತಿತ್ತು. ಈಗ ಕದಡುವ ಕೋಲಿನ ಜೊತೆ ತಿರುಗುತ್ತಿದ್ದುದು ಒಂದೇ ಮಾತು: ಅದಾಗಿರದಿರಲಿ, ಅದಾಗಿರದಿರಲಿ.

ಗಂಡ ಕೈಗಡಿಯಾರ ರಿಪೇರಿ ಮಾಡುವವನು. ಇಡೀ ದಿನ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ಮನುಷ್ಯ. ಒಂದು ದಿನ ಊಟ ಬಡಿಸಿಕೊಳ್ಳುತ್ತ ತಲೆಯೆತ್ತಿ ನೋಡಿ, "ಏನೇ ಅದು, ಇನ್ನೂ ಹೋಗಿಲ್ವಾ?" ಎಂದ.

"ಹೋಗುತ್ತೆ ಬಿಡಿ."

"ಡಾಕ್ಟರ್‌ಗೆ ತೋರಿಸೋಣ."

"ದೇವರಿದ್ದಾನೆ ರೀ. ಊರಿಗೆಲ್ಲ ಮುಲಾಮು ಕೊಡೋಳು ನಾನೇ ಡಾಕ್ಟರ ಹತ್ರ ಓಡಿದ್ರೆ ಜನ ಏನಂತಾರೆ?"

ಅವನು ತಟ್ಟೆಗೆ ಸಾರು ಹಾಕಿಕೊಂಡ. ಹೆಂಡತಿಯ ನಂಬಿಕೆಗೆ ಅಡ್ಡ ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ. ನಂಬಿಕೆ ಎಂದು ಅವನು ತಿಳಿದದ್ದು ಬರೀ ಹೆದರಿಕೆ ಎಂಬುದು ಆ ಮನೆಯಲ್ಲಿ ಅವಳೊಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳು ಅದನ್ನು ತನಗೆ ತಾನೇ ಹೇಳಿಕೊಳ್ಳಲೂ ಹೆದರುತ್ತಿದ್ದಳು.

ಗಿರಾಕಿಗಳು ಕೇಳಿದರೆ ನಗುನಗುತ್ತಲೇ, "ನನಗೂ ವಯಸ್ಸಾಯ್ತು, ಇದೂ ಒಂದು ಒಡವೆ" ಎಂದುಬಿಡುತ್ತಿದ್ದಳು. ಆ ಉತ್ತರವನ್ನು ಜನ ಮೆಚ್ಚಿಕೊಂಡರು. ಬೀದಿಯ ಕೊನೆಯ ಬೇಕರಿಯವಳಂತೂ ಅದನ್ನು ನಾಲ್ಕು ಜನರಿಗೆ ಹೇಳಿದಳು.

ಆ ಬೇಕರಿಯವಳೇ ಒಂದು ಮಧ್ಯಾಹ್ನ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಕಿಟಕಿಗೆ ಬಂದಳು. ಯಾವಾಗಲೂ ವಟವಟ ಎನ್ನುವವಳು ಅಂದು ಸುತ್ತಮುತ್ತ ನೋಡಿ ದನಿ ತಗ್ಗಿಸಿದಳು. ಕೂದಲು ಸರಿಸಿ ಹಣೆಯ ಪಕ್ಕ ತೋರಿಸಿದಳು. ಕಪ್ಪಗೆ, ಉಬ್ಬಿಕೊಂಡ, ಕಾಳಿನಷ್ಟು ದಪ್ಪದ ಒಂದು ಕಲೆ.

"ಯಾವಾಗಿಂದ ಇದೆ ಇದು?" ಮುಲಾಮಕ್ಕ ಕಿಟಕಿಯಿಂದ ಮುಂದಕ್ಕೆ ಬಗ್ಗಿದಳು.

"ತುಂಬ ದಿನದಿಂದ ಇದೆ ಅಕ್ಕ. ದೊಡ್ಡದಾಗ್ತಾ ಇದೆ. ಮಗಳು ಆಸ್ಪತ್ರೆಗೆ ಹೋಗೋಣ ಅಂತ ದಿನಾ ಜಗಳ. ನಾನೇ ಬೇಡ ಅಂದೆ. ನಿಮ್ಮ ಮುಖದ ಮೇಲೂ ಇದೆಯಲ್ಲ, ನೀವೇ ಇಷ್ಟು ಧೈರ್ಯವಾಗಿದ್ದೀರಿ. ದೇವರು ಕೊಟ್ಟಿದ್ದು, ಇರಲಿ ಅಂತ ನಾನೂ ಸುಮ್ಮನಾದೆ. ಇನ್ನೊಂದು ಡಬ್ಬಿ ಕೊಡಿ."

ಮುಲಾಮಕ್ಕ ಡಬ್ಬಿ ಕೈಗೆತ್ತಿಕೊಂಡಳು. ಕೊಡಲು ಆಗಲಿಲ್ಲ. ಮತ್ತೆ ಮೇಜಿನ ಮೇಲಿಟ್ಟಳು. ತನ್ನ ಮುಖವನ್ನು ತಾನು ಏನು ಬೇಕಾದರೂ ಮಾಡಿಕೊಳ್ಳಬಹುದು. ಇವಳನ್ನೂ ತನ್ನ ಹಿಂದೆ ಕಟ್ಟಿಕೊಂಡು ಹೊರಟಿದ್ದೇನಲ್ಲ ಎನಿಸಿತು ಅವಳಿಗೆ.

"ಧೈರ್ಯ ಇಲ್ಲಮ್ಮ ನನಗೆ" ಎಂದಳು. "ಹೆದರಿಕೊಂಡು ಕೂತಿದ್ದೀನಿ. ಕನ್ನಡಿ ನೋಡೋದು ಬಿಟ್ಟು ಎಷ್ಟೋ ದಿನ ಆಯ್ತು."

ಬೇಕರಿಯವಳು ಸರಿಸಿದ್ದ ಕೂದಲನ್ನು ಮತ್ತೆ ಹಣೆಗೆ ಎಳೆದುಕೊಂಡಳು.

ಕುರ್ಚಿಯಲ್ಲಿ ತೂಕಡಿಸುತ್ತಿದ್ದಾರೆ ಎಂದುಕೊಂಡಿದ್ದ ಅತ್ತೆ ಅಲ್ಲಿಂದಲೇ ಕೈ ಚಾಚಿದರು. "ಬಾ ಇಲ್ಲಿ." ಸೊಸೆ ಬಗ್ಗಿದಳು. ಮುದುಕಿಯ ಬೆರಳು ಮೂಗಿನ ಪಕ್ಕ ಮೆಲ್ಲಗೆ ಸವರಿ, ಗಟ್ಟಿಯಾದ ಅಂಚಿನ ಮೇಲೆ ನಿಂತಿತು.

"ನಿನ್ನ ಗಂಡ ಹೇಳಿದಾಗಲೇ ಹೋಗಬೇಕಿತ್ತು."

"ದೇವರ ಮೇಲೆ ಭಾರ ಹಾಕಿದ್ದೆ ಅತ್ತೆ."

"ಹೆದರಿಕೆ ಆದಾಗ ದೇವರ ಹತ್ರ ಹೋಗ್ತಾರೆ, ಸರಿ. ನೀನು ಹೋಗಿ ಅವನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದೀಯ. ನಾಳೆ ಇಬ್ಬರೂ ಹೊರಡಿ. ಕಿಟಕಿ ನಾನು ನೋಡ್ಕೊಳ್ತೀನಿ. ಕಣ್ಣು ಕಾಣದಿದ್ರೇನು, ಬಾಯಿ ಇದೆ."

ಚರ್ಮದ ವಿಭಾಗ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿತ್ತು. ಉದ್ದನೆಯ ಬೆಂಚು, ಫಿನಾಯಿಲ್ ವಾಸನೆ, ಬಾಗಿಲು ತೆರೆದಾಗಲೆಲ್ಲ ಕೇಳುವ ಟ್ರೇಯ ಸದ್ದು. ಇಬ್ಬರು ಹೆಂಗಸರೂ ಕೈ ಕೈ ಹಿಡಿದು ಕೂತಿದ್ದರು. ಗಂಡ ಎದುರು ಗೋಡೆಗೆ ಒರಗಿ ನಿಂತು, ಅಲ್ಲಿ ನೇತುಹಾಕಿದ್ದ ಗಡಿಯಾರ ಹಿಂದೆ ಬಿದ್ದಿದೆ ಎಂದು ಗೊಣಗಿದ. ಸುಮ್ಮನಿರಲಾರದೆ, ಅದನ್ನು ಇಳಿಸಿ ಸರಿಮಾಡಲೆಂದು ಸ್ಟೂಲು ಕೇಳಲು ಹೋಗಿ ಆಯಾಳಿಂದ ಬೈಸಿಕೊಂಡು ಬಂದ. ಬೇಕರಿಯವಳು ಕಿಸಕ್ಕನೆ ನಕ್ಕಳು. ಮುಲಾಮಕ್ಕ ಬಾಗಿಲನ್ನೇ ನೋಡುತ್ತಿದ್ದಳು.

ಡಾಕ್ಟರು ಒಬ್ಬ ಕಡಿಮೆ ಮಾತಿನ ಹೆಂಗಸು. ಬೇಕರಿಯವಳ ಕಲೆಯ ಮೇಲೆ ದೀಪ ಹಿಡಿದು, ಮಸೂರದಲ್ಲಿ ನೋಡಿ, "ಇದು ವಯಸ್ಸಿನದು. ಏನೂ ಮಾಡೋದು ಬೇಡ" ಎಂದರು. ಮುಲಾಮಕ್ಕನ ಮುಖ ನೋಡುವಾಗ ಹೆಚ್ಚು ಹೊತ್ತು ಹಿಡಿಯಿತು. ದೀಪದ ಬಿಸಿ ಕೆನ್ನೆಗೆ ತಾಗುತ್ತಿತ್ತು. "ಇದರದ್ದು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು" ಎಂದರು.

ಉತ್ತರ ಬರುವವರೆಗಿನ ದಿನಗಳಲ್ಲಿ ಅವಳು ಪಾತ್ರೆ ಒಲೆಗೇರಿಸಲಿಲ್ಲ. ಮನೆಯ ಮುಂದೆ ಗಾಡಿ ನಿಂತರೂ ಬೆಚ್ಚುತ್ತಿದ್ದಳು. ಗಂಡನ ಅಂಗಿ ಮಡಿಸುತ್ತ, ತಾನಿಲ್ಲದಿದ್ದರೆ ಇವನಿಗೆ ಗುಂಡಿ ಹಾಕಿಕೊಡುವವರು ಯಾರು ಎಂದು ಅಲ್ಲೇ ಕೂತುಬಿಟ್ಟಳು. ಸಾವಿಗಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಇನ್ನೊಂದು: ಮೂಗು ಹೋದರೆ? ವಯಸ್ಸಾದ ಮುಖಕ್ಕೆ ಅವಳು ಹೆದರಿರಲಿಲ್ಲ. ಅರ್ಧ ಮುಖಕ್ಕೆ ಹೆದರಿದಳು. ಇಷ್ಟು ವರ್ಷ ಬೇರೆಯವರಿಗೆ ಹೇಳಿದ್ದೆಲ್ಲ ಸುಲಭದ ಮಾತಾಗಿತ್ತೇ ಎಂದು ಅತ್ತೆಯನ್ನು ಕೇಳಿದಳು. "ಹೇಳೋದು ಯಾವಾಗಲೂ ಸುಲಭವೇ" ಎಂದರು ಅತ್ತೆ.

ಉತ್ತರ ಬಂತು. ಚರ್ಮದ ಕ್ಯಾನ್ಸರ್.

ಆ ಪದ ಕೇಳಿದ ಮೇಲೆ ಡಾಕ್ಟರು ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ಗಂಡನೇ ಎರಡು ಸಲ ಕೇಳಿ ತಿಳಿದುಕೊಂಡ. "ನಿಧಾನಕ್ಕೆ ಬೆಳೆಯೋ ಜಾತಿ ಇದು. ಮೈಯಲ್ಲಿ ಹರಡೋದು ತುಂಬಾ ಅಪರೂಪ. ಆದ್ರೆ ಬಿಟ್ಟರೆ ಇದ್ದ ಜಾಗವನ್ನೇ ತಿನ್ನುತ್ತಾ ಹೋಗುತ್ತೆ. ಈಗ ಪೂರ್ತಿ ತೆಗೆಯಬಹುದು. ಗಾಯದ ಗುರುತು ಉಳಿಯುತ್ತೆ" ಎಂದರು ಡಾಕ್ಟರು.

"ಮುಲಾಮಿನಿಂದ ಬಂತಾ ಇದು?" ಅವಳು ಕೇಳಿದ್ದು ಅದೊಂದೇ.

"ಇಲ್ಲ. ಮುಲಾಮಿನಿಂದ ಬಂದಿಲ್ಲ. ಮುಲಾಮಿನಿಂದ ಹೋಗೋದೂ ಇಲ್ಲ."

ಆಪರೇಷನ್ ಮೇಜಿನ ಮೇಲೆ ಅವಳಿಗೆ ಪೂರ್ತಿ ಎಚ್ಚರವಿತ್ತು. ಹಸಿರು ಬಟ್ಟೆಯಲ್ಲಿ ಕಣ್ಣು ಮುಚ್ಚಿ, ಗಾಯವಿದ್ದಷ್ಟು ಜಾಗ ಮಾತ್ರ ಬಿಟ್ಟಿದ್ದರು. ಮರಗಟ್ಟಿಸುವ ಸೂಜಿ ಚುಚ್ಚಿದಾಗ ಕಣ್ಣೀರು ತಾನಾಗಿ ಕಿವಿಗೆ ಇಳಿಯಿತು. ಆಮೇಲೆ ನೋವಿರಲಿಲ್ಲ, ತನ್ನದೇ ಚರ್ಮ ಕತ್ತರಿಸುವ ಸದ್ದು ಮಾತ್ರ, ಒದ್ದೆ ಬಟ್ಟೆ ಕತ್ತರಿಸಿದ ಹಾಗೆ. ಪ್ರಾರ್ಥನೆ ಮಾಡೋಣವೆಂದರೆ ದಿನಾ ಹೇಳುವ ಸಾಲುಗಳಲ್ಲಿ ಒಂದೂ ನೆನಪಾಗಲಿಲ್ಲ. ಅವಳು ಹೌಹಾರಿದಳು. ಜೀವವನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದವಳಿಗೆ ನೆನಪಾದದ್ದು ಕೆಲಸ ಮಾತ್ರ. ಮೊದಲು ನೀರು ಕಾಯಬೇಕು. ಎಣ್ಣೆ ಬೆಚ್ಚಗಾಗಬೇಕು. ಮೇಣ ಕರಗುವಾಗ ಅವಸರ ಮಾಡಬಾರದು. ಉರಿ ಸಣ್ಣಗಿರಲಿ ದೇವರೇ, ಉರಿ ಸಣ್ಣಗಿರಲಿ. ಹೊಲಿಗೆ ಮುಗಿಯುವವರೆಗೂ ಅದನ್ನೇ ಹೇಳಿಕೊಂಡಳು.

ಪೂರ್ತಿ ತೆಗೆದಿದ್ದೇವೆ, ಅಂಚಿನಲ್ಲಿ ಏನೂ ಉಳಿದಿಲ್ಲ ಎಂಬ ವರದಿ ಬಂದ ಮೇಲೂ ಅವಳಿಗೆ ನೆಮ್ಮದಿ ಬರಲಿಲ್ಲ. ಮೂಗಿನಿಂದ ಕೆನ್ನೆಗೆ ಬಿಲ್ಲಿನಂತೆ ಬಾಗಿದ ಕೆಂಪು ಗೆರೆ, ಆ ಕಡೆಯ ತುಟಿಯನ್ನು ಕೊಂಚ ಮೇಲಕ್ಕೆ ಎಳೆದಿತ್ತು. ಕನ್ನಡಿಯ ಮೇಲಿನ ಟವೆಲ್ಲು ಅಲ್ಲೇ ಇತ್ತು. ಕಿಟಕಿಗೆ ಬಂದವರನ್ನು ಅತ್ತೆಯೇ ಮಾತಾಡಿಸಿ ಕಳಿಸುತ್ತಿದ್ದರು. ಒಂದು ಬೆಳಿಗ್ಗೆ ಗಂಡ ಶೇವ್ ಮಾಡಿಕೊಳ್ಳಲು ಹೋಗಿ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡ. ಬಾಗಿಲಲ್ಲಿ ನಿಂತಿದ್ದ ಅವಳು ಕನ್ನಡಿಯಲ್ಲಿ ಸಿಕ್ಕಿಬಿದ್ದಳು. ಓಡಿಹೋಗಬೇಕೆನಿಸಿತು.

"ನಿಲ್ಲೇ" ಎಂದ ಅವನು ನೊರೆ ಮೆತ್ತಿದ ಮುಖದಲ್ಲಿ. "ನನಗೂ ಇದನ್ನು ನೋಡೋಕೆ ಹೆದರಿಕೆಯೇ. ಒಟ್ಟಿಗೆ ನೋಡೋಣ."

ಇಬ್ಬರೂ ನೋಡಿದರು. ಅವಳು ಅತ್ತಳು. ಬಹಳ ಹೊತ್ತು ಅತ್ತಳು. ಅವನ ಮುಖದ ನೊರೆ ಅಲ್ಲೇ ಒಣಗಿತು.

ಮರುವಾರ ಅವಳು ಕಿಟಕಿಗೆ ಬಂದು ನಿಂತಳು. ಕೆಲವರು ಕಣ್ಣು ತಪ್ಪಿಸಿದರು. ಒಬ್ಬಾಕೆ, "ಇವಳದೇ ಮುಖ ಹೀಗಾಗಿದೆ, ಇವಳ ಮುಲಾಮು ಯಾರು ಹಚ್ತಾರೆ?" ಎಂದು ಅವಳ ಕಿವಿಗೆ ಬೀಳುವಂತೆಯೇ ಹೇಳಿ ಹೋದಳು. ಅಂಥವರು ಮತ್ತೆ ಬರಲಿಲ್ಲ. ಬಂದವರ ಮುಖವನ್ನು ಅವಳು ಮೊದಲಿಗಿಂತ ಹತ್ತಿರದಿಂದ ನೋಡುತ್ತಿದ್ದಳು. ವಾಸಿಯಾಗದ ಹುಣ್ಣು, ಬಣ್ಣ ಬದಲಿಸಿದ ಮಚ್ಚೆ ಕಂಡರೆ ಡಬ್ಬಿ ಕೊಡುತ್ತಿರಲಿಲ್ಲ. "ಮೊದಲು ತೋರಿಸಿಕೊಂಡು ಬನ್ನಿ. ಬೇಕಾದ್ರೆ ಜೊತೆಗೆ ನಾನೂ ಬರ್ತೀನಿ" ಎನ್ನುತ್ತಿದ್ದಳು. ಹಾಗೆ ಎಷ್ಟೋ ಜನರ ಪಕ್ಕ ಆ ಬೆಂಚಿನ ಮೇಲೆ ಕೂತಳು. ಅವಳು ಬರೀ ಪಕ್ಕದಲ್ಲಿ ಕೂತಿರುತ್ತಿದ್ದಳು. ಹೆದರಬೇಡಿ ಎಂದು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಅದು ಮತ್ತೆ ಬಂದಿದೆಯೇ ಎಂದು ನೋಡುವ ತನ್ನ ಸರದಿಯ ತಪಾಸಣೆ ಬಂದಾಗ ಹಿಂದಿನ ದಿನವೇ ಅವಳಿಗೆ ಅನ್ನ ಸೇರುವುದಿಲ್ಲ. ಬೆಳಿಗ್ಗೆ ಎದ್ದು ಗೆರೆಯ ಮೇಲೆ ತೆಳ್ಳಗೆ ಮುಲಾಮು ಸವರಿ, ಅತ್ತೆಗೆ ಹೇಳಿ, ಬಸ್ ನಿಲ್ದಾಣಕ್ಕೆ ನಡೆಯುತ್ತಾಳೆ. ಹೆಸರು ಕರೆದಾಗ ಹೆದರುತ್ತಲೇ ಎದ್ದು ಒಳಗೆ ಹೋಗುತ್ತಾಳೆ.