ಜಾಮ್ ಮೊದಲೋ, ಕ್ರೀಮ್ ಮೊದಲೋ

ಮಿತ್ರರೇ, ಇವತ್ತು ನನ್ನ ಕೈಯಲ್ಲಿ ಒಂದು ಸಂಸ್ಕೃತಿ ಹಾಳಾಗುವುದು ಸ್ವಲ್ಪದರಲ್ಲಿ ತಪ್ಪಿತು.

ನಮ್ಮ ಆಫೀಸಿನ ಟ್ರೆವರ್ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು. ಅವರ ಊರಿನವರು ಮಸ್ಕತ್ತಿನಲ್ಲಿ ಸಂಘ ಕಟ್ಟಿಕೊಂಡು ತಮ್ಮ ಭಾಷೆ, ಹಾಡು, ತಿಂಡಿಗಳನ್ನು ಉಳಿಸುತ್ತಿದ್ದಾರೆ. ಬೆಳಿಗ್ಗೆ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಅವರ ಮನೆಯಲ್ಲಿ ಸಂಘದ ಚಹಾಕೂಟ. ಬನ್ನಿನಂಥ ಸ್ಕೋನಿಗೆ ನಾನು ಕ್ರೀಮ್ ಸವರಿ, ಮೇಲೆ ಜಾಮ್ ಇಟ್ಟೆ. ಹಾಡು ನಿಂತಿತು.

"ಜಾಮ್ ಮೊದಲು! ಕ್ರೀಮ್ ಮೊದಲು ಹಾಕುವವರು ಪಕ್ಕದ ಜಿಲ್ಲೆಯವರು!" ಟ್ರೆವರ್ ಮುಖ ಕೆಂಪಾಗಿತ್ತು.

"ಹೊಟ್ಟೆಗೆ ಹೋದ ಮೇಲೆ ಎಲ್ಲ ಒಂದೇ ಅಲ್ವಾ?" ಎಂದು ನಕ್ಕೆ. ಬೇರೆ ಯಾರೂ ನಗಲಿಲ್ಲ.

ರಾಜಿಗೆಂದು ಮಧ್ಯಾಹ್ನ ಟ್ರೆವರ್ ಅವರನ್ನು ದಾರ್ಸೈಟ್‌ನ ನಮ್ಮ ಮನೆಗೆ ಊಟಕ್ಕೆ ಕರೆತಂದೆ. ಹೆಂಡತಿ ಶೋಭಾ ನಮ್ಮ ಕರಾವಳಿಯ ಕೋರಿ ರೊಟ್ಟಿ ಬಡಿಸಿದಳು. ಟ್ರೆವರ್ ಗರಿಗರಿ ರೊಟ್ಟಿಯನ್ನು ಹಪ್ಪಳದಂತೆ ಕಡಿಯುತ್ತ, ಕೋಳಿ ಗಸಿಯನ್ನು ಬೇರೆಯಾಗಿ ಚಮಚದಲ್ಲಿ ಕುಡಿಯತೊಡಗಿದರು.

"ಅಯ್ಯೋ, ಹಾಗೆ ತಿನ್ನುವುದಾ!" ಎಂದಳು ಶೋಭಾ.

ನಾನು ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. "ರೊಟ್ಟಿ ಮುರಿದು ಹಾಕಿ, ಮೇಲಿಂದ ಗಸಿ ಸುರಿಯಬೇಕು ಮಾರಾಯ್ರೇ!"

ಟ್ರೆವರ್ ಚಮಚ ಕೆಳಗಿಡದೆ ಕೇಳಿದರು: "ಹೊಟ್ಟೆಗೆ ಹೋದ ಮೇಲೆ ಎಲ್ಲ ಒಂದೇ ಅಲ್ವಾ?"

ನಾನೂ ಒಂದು ಸಂಘ ಕಟ್ಟುತ್ತಿದ್ದೇನೆ. ನಿಯಮ ಒಂದೇ: ಗಸಿ ಮೇಲಿಂದ.