ಆಯುಧಪೂಜೆಯ ದಿನ ಬಿಚ್ಚಿದ ಬಂದೂಕು

ಇವತ್ತು ಯಲಹಂಕದ ಸೈಕಲ್ ಅಂಗಡಿಯೊಂದರ ಮುಂದೆ ಹೊಸ ಗ್ರೀಸಿನ ವಾಸನೆ ಬಂತು ನೋಡಿ, ನೆನಪಿನಲ್ಲಿ ಸೀದಾ ಜಾಲಹಳ್ಳಿಯ ನಮ್ಮ ಹಳೇ ಕ್ವಾರ್ಟರ್ಸಿನ ಹಜಾರಕ್ಕೆ ಹೋಗಿ ಬಿದ್ದೆ.

ಟಿವಿಯಲ್ಲಿ ಒಲಿಂಪಿಕ್ಸ್ ಶೂಟಿಂಗ್ ನೋಡಿ ಹುಚ್ಚು ಹಿಡಿಸಿಕೊಂಡಿದ್ದ ನನಗೆ ಅಪ್ಪ ಏರ್ ರೈಫಲ್ ತಂದುಕೊಟ್ಟಿದ್ದರು. ಮರುದಿನ ಬೆಳಗ್ಗೆಯೇ ಶೂಟಿಂಗ್ ಕ್ಲಬ್ಬಿನ ಆಯ್ಕೆ. ಕಾರ್ಖಾನೆಯ ಗ್ರೀಸ್ ಒರೆಸದೆ ಹೊಸ ರೈಫಲ್‌ನಲ್ಲಿ ಗುರಿ ಕೂರುವುದಿಲ್ಲ. ಆದರೆ ಅಂದು ಆಯುಧಪೂಜೆ. ದೊಡ್ಡಪ್ಪ ಅದನ್ನು ಸ್ಪ್ಯಾನರ್, ಕುಡುಗೋಲುಗಳ ಜೊತೆ ಸಾಲಾಗಿಟ್ಟು, ನಳಿಗೆಯ ಬಾಯಿಗೇ ಕುಂಕುಮ ಮೆತ್ತಿದ್ದರು.

ನಾನು ಅದನ್ನು ಎತ್ತಿಕೊಂಡು, ನೆಲಕ್ಕೆ ಪೇಪರ್ ಹಾಸಿ ಕೂತೆ.

“ಏಯ್, ಪೂಜೆಗಿಟ್ಟಿದ್ದನ್ನ ನಾಳೆವರ್ಗೂ ಮುಟ್ಬಾರ್ದು ಕಣೇ!”

“ನಿಮ್ ಸ್ಕೂಟರ್‌ಗೂ ಪೂಜೆ ಆಯ್ತಲ್ಲ ದೊಡ್ಡಪ್ಪ? ಆಮೇಲೆ ಅದ್ರಲ್ಲೇ ಹೋಗಿ ಬಾಳೆಎಲೆ ತರ್ಲಿಲ್ವಾ?”

ಅಮ್ಮ ನಗು ತಡೆಯಲಾಗದೆ ಅಡುಗೆಮನೆಗೆ ಓಡಿದರು. ದೊಡ್ಡಪ್ಪನ ಮುಖ ಕೆಂಪಾಯಿತು. “ಬಿಚ್ಚು, ನೋಡೇಬಿಡೋಣ. ಒಂದ್ ಸ್ಕ್ರೂ ಮಿಕ್ಕಿದ್ರೂ ಅದು ಅಂಗ್ಡಿಗೆ ವಾಪಸ್!”

ಅಪ್ಪನೂ ತಲೆಯಾಡಿಸಿಬಿಟ್ಟರು.

ಮರದ ಹಿಡಿ ಬಿಚ್ಚಿದೆ. ಹಳೇ ಬನಿಯನ್ ಚೂರಿಗೆ ಜೇನಿನಂಥ ಗ್ರೀಸ್ ಅಂಟಿತು. ನಳಿಗೆಯೊಳಗಿಂದ ಕುಂಕುಮ ಕೆಂಪು ಕೆಸರಾಗಿ ಬಂತು. ಎಲ್ಲ ಜೋಡಿಸಿ ಬಿಗಿದಾಗ ಪೇಪರ್ ಮೇಲೆ ಕಲೆ ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ.

“ಏನ್ ಬಾಯಿ ಈ ಹುಡ್ಗೀದು!” ಎಂದು ಗೊಣಗಿದರು ದೊಡ್ಡಪ್ಪ.

“ಬಾಯಿ ಹಾಗಿರ್ಲಿ ಬಿಡಣ್ಣ, ಅವಳ ಕೈ ನೋಡು,” ಎಂದರು ಅಪ್ಪ.

ಮರುದಿನ ಆಯ್ಕೆಯಲ್ಲಿ ಸೋತೆ. ಆದರೇನು, ರೈಫಲ್ ಇವತ್ತಿಗೂ ನನ್ನದೇ. ಪ್ರತಿ ಆಯುಧಪೂಜೆಗೂ ದೊಡ್ಡಪ್ಪನ ಎದುರಿಗೇ ಕೂತು ಬಿಚ್ಚುತ್ತೇನೆ.