ಮೋಟು ತಾಳಿನ ಕೂರಿಗೆ

ನಮ್ಮ ಮೊಮ್ಮಗಳು ಇವತ್ತು ಮತ್ತೆ ಚಾಕು, ಗೋಂದು ಕೈಗೆ ತಗೊಂಡಳು! ಬಹುಮಾನವೇನೂ ಬರಲಿಲ್ಲ. ಸವಣೂರಿನ ಪ್ರದರ್ಶನದಲ್ಲಿ ಇವತ್ತು ಯಾರಿಗೂ ಬಹುಮಾನ ಇರಲೇ ಇಲ್ಲ. ಆದರೂ ಬಸ್ಸಿನಿಂದ ಇಳಿಯುವಾಗ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ ನೋಡ್ರಿ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಅಕ್ಷರ ಸೊಟ್ಟ. ಆದರೂ ಬರೆಯದೆ ಇರಲಾರೆ.

ಒಂಬತ್ತನೇ ಇಯತ್ತೆ ಓದುವ ಈ ಹುಡುಗಿಗೆ ಸಣ್ಣ ಸಣ್ಣ ಮಾದರಿ ಮಾಡುವ ಹುಚ್ಚು. ಹೋದ ವರ್ಷ, ಹಾನಗಲ್ಲಿನ ನಮ್ಮ ಮನೆಯ ಹಿತ್ತಲಲ್ಲಿ ಒರಗಿಸಿಟ್ಟ, ನಾನು ಬೀಜ ಬಿತ್ತುತ್ತಿದ್ದ ಹಳೇ ಕೂರಿಗೆಯನ್ನು ನೋಡಿ ನೋಡಿ ಗೇಣುದ್ದದ ಕೂರಿಗೆ ಮಾಡಿದಳು. ನೆಲ ಸೀಳುವ ಮೂರು ತಾಳು, ಬಿದಿರಿನ ಕೊಳವೆ, ಮೇಲೆ ಬೀಜದ ಬಟ್ಟಲು. ಬಟ್ಟಲಿಗೆ ಸಾಸಿವೆ ಹಾಕಿದರೆ ಮೂರೂ ಕೊಳವೆಯಿಂದ ಉದುರುತ್ತಿತ್ತು!

ಅದನ್ನು ಹಿರೇಕೆರೂರಿನ ಸ್ಪರ್ಧೆಗೆ ಒಯ್ದೆವು. ಅಂಕ ಹಾಕುವ ಸಾಹೇಬರು ಪಟ್ಟಿ ಹಿಡಿದು ತಾಳು ಅಳೆದರು.

"ಎಡಗಡಿ ತಾಳು ಮೋಟು ಆಗೇತಿ. ಮೂರೂ ಸಮ ಇರಬೇಕಿತ್ತವ್ವ" ಅಂದು ಅಂಕ ಕಳೆದರು. ಒಳ್ಳೆಯವರೇ. ಹಗ್ಗದ ಗಂಟು ಚಂದ ಐತಿ ಅಂತ ಹೊಗಳಿದರು. ಮುಂದೆ ಇನ್ನೂ ಎರಡು ಸಾಲು ಮೇಜು ಇದ್ದವು, ನಿಂತು ಕೇಳಲು ಅವರಿಗೆ ಪುರಸೊತ್ತೆಲ್ಲಿ?

ಹೇಳಬೇಕಾದವನು ನಾನು. ನನ್ನ ಕೂರಿಗೆಯ ಎಡ ತಾಳು ಇರುವುದೇ ಮೋಟು. ಮದುವೆಯಾದ ವರ್ಷ ಕಲ್ಲಿಗೆ ಬಡಿದು ಮುರಿದಾಗ ಕೈಗೆ ಸಿಕ್ಕ ಜಾಲಿ ತುಂಡು ಕೂಡಿಸಿದ್ದೆ. ಹುಡುಗಿ ಅದನ್ನೂ ಬಿಡದೆ ಮಾಡಿದ್ದಳು. ಆದರೆ ಪೆನ್ನು ಹಿಡಿದವರ ಮುಂದೆ ನನಗೆ ಬಾಯಿ ಬರಲಿಲ್ಲ. ಅದರ ಮೇಲೆ ಮನೆಗೆ ಬಂದು ಶಾಣ್ಯಾತನ ಬೇರೆ: "ಹೋಗ್ಲಿ ಬಿಡವ್ವ, ಆ ತಾಳು ಉದ್ದ ಮಾಡೂಣು. ಬರೂ ವರ್ಷ ಗೆಲ್ತಿ."

"ನಿನ್ನ ಕೂರಿಗಿ ನೀನ ಸುಳ್ಳ ಮಾಡ್ತಿ ಅಲ್ಲ ಅಜ್ಜಾ!"

ಅಷ್ಟೇ ಅಂದಳು. ಕೂರಿಗೆ ಅಟ್ಟ ಏರಿತು. ಚಾಕು, ಗೋಂದೂ ಅದರ ಬೆನ್ನ ಹಿಂದೆ ಹೋದವು. ವರ್ಷವಿಡೀ ಇಳಿಯಲಿಲ್ಲ.

ಸವಣೂರಿನದು ಬರೀ ಪ್ರದರ್ಶನ, ಅಂಕ ಗಿಂಕ ಇಲ್ಲ ಅಂತ ಗೊತ್ತಾದಾಗ ನಾನೇ ಅಟ್ಟ ಹತ್ತಿ ಇಳಿಸಿದೆ, ಗೋಗರೆದು ಕರೆದುಕೊಂಡು ಹೋದೆ. ಹೋದರೂ ನನ್ನ ಕಣ್ಣು ಬಾಗಿಲ ಕಡೆಗೇ.

"ಸಾಹೇಬ್ರು ಎಷ್ಟಕ್ಕ ಬರ್ತಾರ?"

"ಯಾವ ಸಾಹೇಬ್ರೂ ಬರೂದಿಲ್ಲ. ಸುಮ್ನ ಕುಂಡ್ರು ಅಜ್ಜಾ."

ಹತ್ತಿಮತ್ತೂರಿನ ರೈತರೊಬ್ಬರು ಬಂದರು, ನನ್ನ ವಾರಿಗೆಯವರು. ಬಗ್ಗಿ ನೋಡಿ, ನೇರ ಎಡ ತಾಳಿನ ಮೇಲೇ ಬೆರಳಿಟ್ಟರು. ನಾನು ಎದ್ದು ನಿಂತೆ.

"ಇದು ಯಾರ ಕೂರಿಗಿ ತಂಗಿ?"

ಆಕೆ ನನ್ನ ಮುಖ ನೋಡಿದಳು. ಈ ಸಲ ಬಾಯಿ ಬಂತು. "ನಂದ್ರಿ! ಕಲ್ಲಿಗೆ ಬಡದು ಮುರದಿತ್ತು, ಜಾಲಿ ಕೂಡ್ಸೇನಿ. ಆಕಿ ಇದ್ದದ್ದನ್ನ ಇದ್ದಂಗ ಮಾಡ್ಯಾಳ!"

"ಅದಕ್ಕ ಕೇಳ್ದೆ. ನಂದೂ ಹಿಂಗ ಇತ್ರಿ. ಎಡಗಡಿ ಸಾಲಿನ ಕಾಳು ಮ್ಯಾಲ ಬಿದ್ದು, ಗುಬ್ಬಿ ತಿಂದು ಹೋಗ್ತಿದ್ವು!"

"ಹೌದ್ರಿ! ನಮ್ಮಾಕಿ ಗುಬ್ಬಿ ಬಿಟ್ಟು ನನ್ನ ಬೈತಿದ್ಲು!"

ಸುತ್ತ ಮಂದಿ ಕೂಡಿ ನಕ್ಕರು. ಸಾಸಿವೆ ಹಾಕವ್ವ, ಇನ್ನೊಮ್ಮೆ ಹಾಕವ್ವ ಅಂದರು. ಆಕೆ ಹಾಕಿದ್ದೇ ಹಾಕಿದ್ದು, ಹೇಳಿದ್ದೇ ಹೇಳಿದ್ದು. ಬಸ್ಸಿನಲ್ಲಿ ನನ್ನ ತೋಳು ಜಗ್ಗಿದಳು: "ಹಿರೇಕೆರೂರಿಗೆ ಮತ್ತೊಮ್ಮೆ ಒಯ್ಯೂಣು. ಅಳತಿ ಹಿಡದ್ರ ನೀನ ಹೇಳ್ಬೇಕು ಮತ್ತ."

"ಹೇಳ್ತೇನಿ, ಗೆದ್ರೂ ಹೇಳ್ತೇನಿ, ಸೋತ್ರೂ ಹೇಳ್ತೇನಿ."

ಸಂಜೆ ನಮ್ಮಾಕಿ ಗೋಧಿ ಹುಗ್ಗಿ ಮಾಡಿದ್ದಳು. "ಯಾರೂ ಗೆದ್ದಿಲ್ಲಂದ್ರ ಹುಗ್ಗಿ ಯಾತಕ್ಕ?" ಅಂತ ಮಗ ಕೆಣಕಿದ. ಮೊಮ್ಮಗಳು ಬೆರಳಿಗೆ ಗೋಂದು ಮೆತ್ತಿಕೊಂಡೇ ಊಟಕ್ಕೆ ಬಂದಳು. ಸೊಸೆ ಬೈದು, ಕೈ ತೊಳೆಸಿ ಕೂರಿಸಿದಳು.

"ಅಜ್ಜಾ, ಎಡಗಡಿ ಸಾಲಿನ ಹಿಂದ ಗುಬ್ಬಿ ಕುಂಡ್ರಿಸಾಕತ್ತೇನಿ. ಎಷ್ಟು ದೊಡ್ಡದಿರಬೇಕು?"

ತಟ್ಟೆಯ ಮುಂದೆ ಎಲ್ಲರೂ ಒಂದೊಂದು ಅಳತೆ ಹೇಳಿದೆವು. ನಮ್ಮಾಕಿ ರೊಟ್ಟಿಯ ಚೂರು ಹಿಸುಕಿ, ಅಡಿಕೆಯಷ್ಟು ಉಂಡೆ ಮಾಡಿ ಮೊಮ್ಮಗಳ ತಟ್ಟೆಯ ಅಂಚಿಗಿಟ್ಟು "ಇಷ್ಟು" ಅಂದಳು. ಅದನ್ನು ಯಾರೂ ತಿನ್ನದಂತೆ ಕಾಯುತ್ತ, ಎಲ್ಲರೂ ಕೂಡಿ ಹುಗ್ಗಿ ಉಂಡೆವು.